ಅವಳಿಗೆ ಬೇಕಾದ ಒಂದು ಗಂಟೆ

ಪ್ರಶ್ನೆ:

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ಮಗಳಿಗೆ ಹದಿನಾಲ್ಕು ವರ್ಷ. ಖಾಸಗಿ ಶಾಲೆಯಲ್ಲಿ, ಇಂಗ್ಲಿಷ್ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಪ್ರಥಮ ಭಾಷೆ ಕನ್ನಡ, ತೃತೀಯ ಭಾಷೆ ಹಿಂದಿ. ಚಿಕ್ಕಂದಿನಿಂದಲೂ ಓದುವುದೆಂದರೆ ಅವಳಿಗೆ ಬೆಟ್ಟ ಹೊತ್ತಷ್ಟು ಕಷ್ಟ. ಒಂದೇ ಪುಟದಲ್ಲಿ ‘ಸ್ವಾತಂತ್ರ್ಯ’ ಎಂಬ ಪದವನ್ನು ಮೂರು ಬಗೆಯಲ್ಲಿ ಬರೆದಿರುತ್ತಾಳೆ, ಮೂರೂ ತಪ್ಪಾಗಿರುತ್ತವೆ. ಆದರೆ ಲೆಕ್ಕವನ್ನು ನಾನು ಓದಿ ಹೇಳಿದರೆ ಬಾಯಲ್ಲೇ ಉತ್ತರ ಹೇಳುತ್ತಾಳೆ. ಅದೇ ಲೆಕ್ಕ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಅರ್ಧಕ್ಕೇ ಬಿಟ್ಟು ಬರುತ್ತಾಳೆ. ಇಷ್ಟು ದಿನ ಉದಾಸೀನ ಎಂದುಕೊಂಡು ಬೈದೆ, ಒಂದೆರಡು ಸಲ ಹೊಡೆದೂ ಇದ್ದೇನೆ.

ಕಳೆದ ತಿಂಗಳು ಶಾಲೆಯವರು ಒತ್ತಾಯ ಮಾಡಿದ್ದಕ್ಕೆ ಮೈಸೂರಿಗೆ ಕರೆದೊಯ್ದು ತಪಾಸಣೆ ಮಾಡಿಸಿದೆವು. ಬುದ್ಧಿಮಟ್ಟ ಸರಾಸರಿಗಿಂತ ಮೇಲಿದೆ, ಡಿಸ್‌ಲೆಕ್ಸಿಯಾ ಇದೆ ಎಂದು ವರದಿ ಬಂತು. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದಂತೆ. ಹೆಂಡತಿ ಮಾಡಿಸೋಣ ಅನ್ನುತ್ತಾಳೆ. ನಮ್ಮ ತಾಯಿಗೆ ಸುತರಾಂ ಇಷ್ಟವಿಲ್ಲ. ‘ಹೆಣ್ಣು ಹುಡುಗಿಗೆ ಕೈಯಾರೆ ಅಂಗವಿಕಲೆ ಅನ್ನೋ ಮುದ್ರೆ ಒತ್ತಿಸ್ತೀಯಾ? ನಾಳೆ ಮದುವೆ ಹೊತ್ತಿಗೆ ಏನು ಹೇಳ್ತೀಯ?’ ಅಂತ ದಿನಾ ರಗಳೆ. ನನ್ನ ತಮ್ಮ ಹತ್ತನೇ ತರಗತಿಯಲ್ಲಿ ಎರಡು ಸಲ ಫೇಲಾಗಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ‘ಅವನಿಗೆ ಯಾವ ಸರ್ಟಿಫಿಕೇಟ್ ಮಾಡಿಸಿದ್ವಿ? ಬದುಕಿಲ್ವಾ?’ ಅನ್ನುತ್ತಾರೆ.

ನಿಜ ಹೇಳಬೇಕೆಂದರೆ ನನಗೂ ಮನಸ್ಸು ಒಪ್ಪುತ್ತಿಲ್ಲ. ಪರೀಕ್ಷೆ ಎಂದ ಮೇಲೆ ಎಲ್ಲರಿಗೂ ಒಂದೇ ಪತ್ರಿಕೆ, ಒಂದೇ ಸಮಯ ಇರಬೇಕಲ್ಲವೇ? ಕೆಲವು ವರ್ಷಗಳ ಹಿಂದೆ ಪರೀಕ್ಷಾ ಕೇಂದ್ರದಲ್ಲಿ ಹೆಚ್ಚುವರಿ ಸಮಯ ಪಡೆದು ಬರೆಯುತ್ತಿದ್ದ ಹುಡುಗನೊಬ್ಬನನ್ನು ನೋಡಿ, ‘ಕೈಕಾಲು ಗಟ್ಟಿಯಾಗಿದೆ, ಇವನಿಗೇನು ಬಂದಿದೆ? ಸರ್ಟಿಫಿಕೇಟ್ ಗಿರಾಕಿಗಳು’ ಎಂದು ಮನೆಯಲ್ಲಿ ಹೇಳಿಕೊಂಡಿದ್ದೆ. ಈಗ ಮಗಳೂ ಬೇಡವೆಂದೇ ಹಟ ಹಿಡಿದಿದ್ದಾಳೆ. ‘ನನ್ನನ್ನ ಸರ್ಟಿಫಿಕೇಟ್ ಗಿರಾಕಿ ಅಂತಾರೆ, ಬೇಡಪ್ಪ’ ಅನ್ನುತ್ತಾಳೆ. ಏನು ಮಾಡಲಿ?

(ಹೆಸರು, ಊರು ಬೇಡ)

ಉತ್ತರ:

ಮೇಷ್ಟ್ರೇ,

ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಇನ್ನೊಮ್ಮೆ ಓದಿಕೊಳ್ಳಿ. ‘ಸರ್ಟಿಫಿಕೇಟ್ ಗಿರಾಕಿ’ ಎಂದು ನಿಮ್ಮ ಮಗಳನ್ನು ಶಾಲೆಯಲ್ಲಿ ಇನ್ನೂ ಯಾರೂ ಕರೆದಿಲ್ಲ. ಆ ಮಾತು ಅವಳಿಗೆ ಸಿಕ್ಕಿದ್ದು ಮನೆಯಲ್ಲೇ. ಅಂದು ನೀವು ಅದನ್ನು ಹೇಳಿದ್ದು ಅವಳ ಬಗ್ಗೆ ಅಲ್ಲ, ಯಾರೋ ಗೊತ್ತಿಲ್ಲದ ಹುಡುಗನ ಬಗ್ಗೆ. ಆದರೆ ಓದು ತಲೆಗೆ ಹತ್ತದೆ ಒದ್ದಾಡುತ್ತಿದ್ದ ಒಂದು ಮಗು ಪಕ್ಕದಲ್ಲೇ ಕೂತು ಅದನ್ನು ಕೇಳಿಸಿಕೊಂಡಿದೆ, ನೆನಪಿಟ್ಟುಕೊಂಡಿದೆ. ನಿಮ್ಮನ್ನು ನೋಯಿಸಲೆಂದು ಇದನ್ನು ಹೇಳುತ್ತಿಲ್ಲ. ಅವಳ ಹಟದ ಬೇರು ಎಲ್ಲಿದೆ ಎಂದು ಗೊತ್ತಾದರೆ ಅದನ್ನು ಬಿಡಿಸುವುದು ನಿಮ್ಮ ಕೈಯಲ್ಲೇ ಇದೆ ಎಂಬುದೂ ಗೊತ್ತಾಗುತ್ತದೆ. ಅಮ್ಮ ಹೇಳಿದರೆ, ಟೀಚರ್ ಹೇಳಿದರೆ, ನಾನು ಹೇಳಿದರೆ ಸಾಲದು. ‘ಆ ಸಮಯ ನಿನಗೆ ಸಲ್ಲಬೇಕಾದದ್ದು’ ಎಂದು ಅವಳು ನಿಮ್ಮ ಬಾಯಿಂದಲೇ ಕೇಳಬೇಕು.

ನಂಬಿಕೆಯಿಲ್ಲದೆ ಬಾಯಿಮಾತಿಗೆ ಹೇಳಿದರೆ ಹದಿನಾಲ್ಕರ ಮಕ್ಕಳು ಥಟ್ಟನೆ ಕಂಡುಹಿಡಿಯುತ್ತಾರೆ. ಹಾಗಾಗಿ ಮೊದಲು ನಿಮ್ಮ ಸಂಶಯದ ಬಗ್ಗೆಯೇ ಮಾತಾಡೋಣ. ಅದು ಪ್ರಾಮಾಣಿಕವಾದ ಸಂಶಯ. ಎಷ್ಟೋ ಶಿಕ್ಷಕರ ಮನಸ್ಸಿನಲ್ಲಿ ಇದೆ, ಬಾಯಿಬಿಟ್ಟು ಹೇಳುವವರು ಕಡಿಮೆ.

ಪ್ರಶ್ನೆಪತ್ರಿಕೆಗೆ ನೀಲನಕ್ಷೆ ಮಾಡುವ ಕೆಲಸ ನಿಮಗೆ ಹೊಸದಲ್ಲ. ಸ್ಮರಣೆಗೆ ಇಷ್ಟು ಅಂಕ, ತಿಳುವಳಿಕೆಗೆ ಇಷ್ಟು, ಅನ್ವಯಕ್ಕೆ ಇಷ್ಟು, ಕೌಶಲಕ್ಕೆ ಇಷ್ಟು ಎಂದು ಹಂಚುತ್ತೀರಿ. ಮೌಲ್ಯಮಾಪನಕ್ಕೆ ಕೂತಾಗ ಸೂತ್ರ ಬರೆದಿದ್ದಕ್ಕೆ ಅರ್ಧ, ಬೆಲೆ ಆದೇಶಿಸಿದ್ದಕ್ಕೆ ಅರ್ಧ, ಉತ್ತರಕ್ಕೆ ಒಂದು ಎಂದು ಹಂತ ಹಂತಕ್ಕೂ ಅಂಕ ಕೊಡುತ್ತೀರಿ. ಆ ನೀಲನಕ್ಷೆಯಲ್ಲಾಗಲಿ, ಅಂಕ ಹಂಚಿಕೆಯಲ್ಲಾಗಲಿ ‘ಪ್ರಶ್ನೆಯನ್ನು ಬೇಗ ಓದಿದ್ದಕ್ಕೆ’ ಎಂಬ ಕಾಲಂ ಎಲ್ಲಾದರೂ ಇದೆಯೇ? ಇಲ್ಲ. ಆದರೂ ನಿಮ್ಮ ಮಗಳು ಪ್ರತಿ ಪರೀಕ್ಷೆಯಲ್ಲೂ ಅಂಕ ಕಳೆದುಕೊಳ್ಳುತ್ತಿರುವುದು ಆ ಇಲ್ಲದ ಕಾಲಂನಲ್ಲೇ. ಗಣಿತದ ಪತ್ರಿಕೆ ಅಳೆಯಬೇಕಾದದ್ದು ಗಣಿತವನ್ನು. ಲೆಕ್ಕ ಓದಿ ಹೇಳಿದರೆ ಬಾಯಲ್ಲೇ ಬಿಡಿಸುವ ಹುಡುಗಿ ಮೂರು ಗಂಟೆಯಲ್ಲಿ ಅರ್ಧ ಪತ್ರಿಕೆಯನ್ನಷ್ಟೇ ಮುಟ್ಟಿ ಎದ್ದು ಬಂದರೆ, ಅವಳ ಅಂಕಪಟ್ಟಿಯಲ್ಲಿರುವುದು ಅವಳ ಗಣಿತವಲ್ಲ, ಅವಳ ಓದಿನ ವೇಗ. ಎಲ್ಲರಿಗೂ ಒಂದೇ ಸಮಯ ಎಂಬ ನಿಯಮ ನ್ಯಾಯದ ಹಾಗೆ ಕಾಣುತ್ತದೆ, ನಿಜ. ಆದರೆ ಅದು ಅಳೆಯಬೇಕಾದ್ದನ್ನು ಬಿಟ್ಟು ಬೇರೇನನ್ನೋ ಅಳೆಯುತ್ತಿದ್ದರೆ ಅದನ್ನು ನ್ಯಾಯ ಎನ್ನಲು ನನ್ನಿಂದಾಗದು.

ಭಾಷಾ ಪತ್ರಿಕೆಯ ವಿಷಯ ಇಷ್ಟು ಸುಲಭವಲ್ಲ ಎಂಬುದನ್ನೂ ಒಪ್ಪುತ್ತೇನೆ. ಅಲ್ಲಿ ಕಾಗುಣಿತ, ಬರವಣಿಗೆಗಳೇ ಪರೀಕ್ಷೆಯ ಒಂದು ಭಾಗ. ಎಷ್ಟು ತಪ್ಪನ್ನು ಬಿಡಬೇಕು, ಎಷ್ಟನ್ನು ಹಿಡಿಯಬೇಕು ಎಂದು ಬಲ್ಲವರಲ್ಲೇ ಭಿನ್ನಾಭಿಪ್ರಾಯವಿದೆ. ಸಮಯದ ಪ್ರಶ್ನೆಯಲ್ಲಿ ನನಗೆ ಅಂಥ ಗೊಂದಲ ಯಾವುದೂ ಇಲ್ಲ.

ಇನ್ನು ಆ ವೇಗ ಯಾಕೆ ಬರುವುದಿಲ್ಲ ಎಂಬುದು. ಡಿಸ್‌ಲೆಕ್ಸಿಯಾ ಕಣ್ಣಿನ ತೊಂದರೆಯಲ್ಲ, ಬುದ್ಧಿಯ ಕೊರತೆಯಂತೂ ಅಲ್ಲವೇ ಅಲ್ಲ. ಮಾತಿನೊಳಗಿನ ಸಣ್ಣ ಸಣ್ಣ ಧ್ವನಿಗಳನ್ನು ಬಿಡಿಸಿ ಹಿಡಿಯುವುದು, ಅವನ್ನು ಅಕ್ಷರಗಳ ಜೊತೆ ಗಂಟು ಹಾಕುವುದು, ಆ ಗಂಟು ನೋಡಿದ ತಕ್ಷಣ ತಾನಾಗಿ ಬಿಚ್ಚಿಕೊಳ್ಳುವಷ್ಟು ರೂಢಿಯಾಗುವುದು, ಈ ದಾರಿಯಲ್ಲಿ ಮಿದುಳು ತಡವರಿಸುತ್ತದೆ. ನೀವು ‘ಪ್ರಾರ್ಥನೆ’ ಎಂಬ ಪದವನ್ನು ಓದುವುದಿಲ್ಲ, ನೋಡುತ್ತೀರಿ, ಅರ್ಥ ಬಂದುಬಿಡುತ್ತದೆ. ಅವಳು ಪ ನೋಡಬೇಕು, ಕೆಳಗಿನ ರ ಒತ್ತನ್ನು ಹಿಡಿಯಬೇಕು, ದೀರ್ಘ ಗಮನಿಸಬೇಕು, ಥ ಅಕ್ಷರದ ನಂತರ ಬರೆದಿರುವ ಅರ್ಕಾವತ್ತನ್ನು ಥ ಅಕ್ಷರಕ್ಕಿಂತ ಮೊದಲು ಉಚ್ಚರಿಸಬೇಕೆಂದು ನೆನಪಿಸಿಕೊಳ್ಳಬೇಕು, ಮಹಾಪ್ರಾಣ ಬಿಡಬಾರದು. ಇಷ್ಟೆಲ್ಲ ಮುಗಿಸಿ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ವಾಕ್ಯದ ಮೊದಲು ಏನಿತ್ತೆಂಬುದು ಜಾರಿಹೋಗಿರುತ್ತದೆ, ಮತ್ತೆ ಮೊದಲಿಂದ ಶುರು. ಪಕ್ಕದ ಹುಡುಗಿ ಒಂದು ಸಲ ಓದುವ ಪ್ರಶ್ನೆಯನ್ನು ಇವಳು ಮೂರು ಸಲ ಓದುತ್ತಾಳೆ. ಉದಾಸೀನದ ಮಕ್ಕಳು ಹೀಗೆ ಮಾಡುವುದಿಲ್ಲ ಮೇಷ್ಟ್ರೇ. ತರಗತಿಯಲ್ಲಿ ಓದಿಗಾಗಿ ಎಲ್ಲರಿಗಿಂತ ಹೆಚ್ಚು ಬೆವರು ಹರಿಸುತ್ತಿರುವವಳು ಬಹುಶಃ ಅವಳೇ.

ಕನ್ನಡ ಬರೆದಂತೆ ಓದುವ ಭಾಷೆ, ಇಂಗ್ಲಿಷಿನ ಹಾಗೆ ಮೋಸ ಮಾಡುವುದಿಲ್ಲ, ಇದರಲ್ಲಿ ಎಂಥ ಡಿಸ್‌ಲೆಕ್ಸಿಯಾ ಎಂದು ಕೆಲವರು ಕೇಳುವುದುಂಟು. ಅಕ್ಷರಕ್ಕೂ ಧ್ವನಿಗೂ ನೇರ ಸಂಬಂಧ ಇರುವುದರಿಂದ ಅನುಕೂಲ ಇರುವುದು ನಿಜ. ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಕಲಿಯುವ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರ ಕಲಿಕೆ ಒಂದನೇ ಎರಡನೇ ತರಗತಿಗೆ ಮುಗಿಯುವುದಿಲ್ಲ, ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಇಟಾಲಿಯನ್, ಜರ್ಮನ್‌ನಂಥ ನೇರ ಬರವಣಿಗೆಯ ಭಾಷೆಗಳಲ್ಲಿ ಡಿಸ್‌ಲೆಕ್ಸಿಯಾ ಇರುವ ಮಕ್ಕಳು ದೊಡ್ಡವರಾಗುತ್ತ ಹೆಚ್ಚುಕಡಿಮೆ ತಪ್ಪಿಲ್ಲದೆ ಓದಲು ಕಲಿತರೂ ನಿಧಾನ ಮಾತ್ರ ಉಳಿದುಬಿಡುತ್ತದೆ ಎಂದು ಬಹಳ ಅಧ್ಯಯನಗಳು ಹೇಳಿವೆ. ನಮ್ಮ ಮಕ್ಕಳಲ್ಲಿಯೂ ನಾನು ಅದನ್ನೇ ಕಾಣುತ್ತೇನೆ. ಜೋರಾಗಿ ಓದಿಸಿದರೆ ‘ಪರವಾಗಿಲ್ಲ, ಓದ್ತಾಳಲ್ಲ’ ಎನಿಸುತ್ತದೆ. ಗಡಿಯಾರ ಇಟ್ಟು ಓದಿಸಿದಾಗ ತೊಂದರೆ ಬಯಲಾಗುತ್ತದೆ. ಪರೀಕ್ಷೆ ನಡೆಯುವುದು ಗಡಿಯಾರದ ಮುಂದೆಯೇ ಅಲ್ಲವೇ? ಇನ್ನು ನಿಮ್ಮ ಮಗಳು ಕನ್ನಡ, ಇಂಗ್ಲಿಷ್, ದೇವನಾಗರಿ ಮೂರು ಲಿಪಿಗಳನ್ನು ಒಟ್ಟಿಗೆ ಎಳೆಯುತ್ತಿದ್ದಾಳೆ.

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ ಹುಡುಗನ ಬಗ್ಗೆ ಒಂದು ಟಿಪ್ಪಣಿ ಬರೆದ. ಮಕ್ಕಳಲ್ಲಿ ಈ ತೊಂದರೆಯನ್ನು ವಿವರಿಸಿದ ಮೊದಮೊದಲ ಬರಹಗಳಲ್ಲಿ ಅದೊಂದು. ಆ ಹುಡುಗನಿಗೂ ಹದಿನಾಲ್ಕೇ ವರ್ಷ. ಆಟದಲ್ಲಿ ಚುರುಕು, ಲೆಕ್ಕದಲ್ಲಿ ತೊಂದರೆಯಿಲ್ಲ, ಓದು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಇವನು ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದನ್ನು ಮಾರ್ಗನ್ ದಾಖಲಿಸಿದ್ದಾನೆ. ಲೆಕ್ಕವನ್ನು ಓದಿ ಹೇಳಿದರೆ ಬಾಯಲ್ಲೇ ಬಿಡಿಸುತ್ತಾಳೆ ಎಂದು ನೀವು ಬರೆದಿದ್ದೀರಲ್ಲ, ಆ ಮೇಷ್ಟ್ರು ಕಂಡದ್ದನ್ನೇ ನೀವೂ ಕಂಡಿದ್ದೀರಿ.

ಹಾಗಾದರೆ ಹೆಚ್ಚು ಸಮಯ ಕೊಟ್ಟರೆ ಯಾರು ಬೇಕಾದರೂ ಹೆಚ್ಚು ಅಂಕ ತೆಗೆಯುವುದಿಲ್ಲವೇ ಎಂದು ನೀವು ಕೇಳಬಹುದು. 1991ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಕಲಿಕಾ ನ್ಯೂನತೆ ಇದ್ದವರು ಸಮಯ ಹೆಚ್ಚಿಸಿದಾಗ ಉಳಿದವರ ಸಮಕ್ಕೆ ಬಂದರು, ಉಳಿದವರಿಗೆ ಹೆಚ್ಚುವರಿ ಸಮಯದಿಂದ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಆಮೇಲಿನ ಕೆಲವು ಅಧ್ಯಯನಗಳು, ಪತ್ರಿಕೆ ಉದ್ದವಾಗಿದ್ದು ಸಮಯ ಬಿಗಿಯಾಗಿದ್ದರೆ ಎಲ್ಲರಿಗೂ ಒಂದಿಷ್ಟು ಲಾಭ ಆಗುತ್ತದೆ ಎಂದವು. ಎರಡನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ. ಬೇಡದವರಿಗೂ ಅದರಿಂದ ಲಾಭ ಆಗಬಹುದಾದ್ದರಿಂದಲೇ ಬೇಕಾದವರು ಯಾರು ಎಂದು ತಪಾಸಣೆ ಮಾಡಿ ತೀರ್ಮಾನಿಸುವ ವ್ಯವಸ್ಥೆ ಇರುವುದು. ಸುಳ್ಳು ಪ್ರಮಾಣಪತ್ರ ಮಾಡಿಸುವವರು ಇಲ್ಲವೆಂದು ನಾನು ವಾದಿಸುವುದಿಲ್ಲ. ಅಂಥವರನ್ನು ಹಿಡಿಯಬೇಕಾದದ್ದು ತಪಾಸಣೆಯ ಮೇಜಿನಲ್ಲಿ. ಪರೀಕ್ಷಾ ಕೊಠಡಿಯಲ್ಲಿ ಮಗುವಿನ ಕೈಕಾಲು ನೋಡಿ ತೀರ್ಪು ಕೊಡುವ ಹಕ್ಕು ಮೇಲ್ವಿಚಾರಕರಿಗೆ ಇಲ್ಲ. ನೀವು ಅಂದು ಕಂಡ ಹುಡುಗನ ತೊಂದರೆ ಕೈಕಾಲಿನಲ್ಲಿ ಕಾಣುವಂಥದ್ದಾಗಿರಲಿಲ್ಲ.

ಈಗ ಕಾನೂನು. 1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್‌ಲೆಕ್ಸಿಯಾ ಇರಲಿಲ್ಲ. ಮಹಾರಾಷ್ಟ್ರದಂಥ ರಾಜ್ಯ 1996ರಲ್ಲೇ ತನ್ನ ಮಟ್ಟಿಗೆ ಈ ಮಕ್ಕಳಿಗೆ ಪರೀಕ್ಷೆಯಲ್ಲಿ ಅನುಕೂಲ ಕಲ್ಪಿಸಿತು. ದೇಶಕ್ಕೆಲ್ಲ ಅನ್ವಯಿಸುವಂತೆ ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು ಸೇರಿಸಿದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದು 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಅದರಲ್ಲಿ 21 ಬಗೆಯ ವೈಕಲ್ಯಗಳಿವೆ. ಈ ನ್ಯೂನತೆಗಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಶಿಕ್ಷಣ ಸಂಸ್ಥೆಯ ಹೊಣೆ ಎಂದು 16ನೇ ಕಲಂ ಹೇಳುತ್ತದೆ. 17ನೇ ಕಲಂ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಈ ಮೂರನ್ನೂ ಹೆಸರಿಸಿಯೇ ಹೇಳುತ್ತದೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಪರೀಕ್ಷೆಯ ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ.

ವೈಕಲ್ಯದ ಪ್ರಮಾಣ ಶೇ 40ಕ್ಕಿಂತ ಕಡಿಮೆ ಎಂದು ಬಂದರೆ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಡಿ. ಮೀಸಲಾತಿಯಂಥ ಸೌಲಭ್ಯಕ್ಕೆ ಆ ಗಡಿ ಬೇಕು. ಪರೀಕ್ಷೆಯಲ್ಲಿ ಅನುಕೂಲ ಪಡೆಯುವುದನ್ನು ಆ ಗಡಿಗೆ ಕಟ್ಟಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಇನ್ನೊಂದು ತೀರ್ಪು ಬಂತು. ಬರವಣಿಗೆಯ ತೊಂದರೆಯಾದ ಡಿಸ್‌ಗ್ರಾಫಿಯಾ ಇದ್ದ ಒಬ್ಬ ಹುಡುಗಿಗೆ ನೀಟ್ ಪರೀಕ್ಷೆಯಲ್ಲಿ ಸಿಗಬೇಕಾದ ಒಂದು ಗಂಟೆ ಕೊಡದೆ ಉತ್ತರಪತ್ರಿಕೆಯನ್ನು ಕಿತ್ತುಕೊಂಡಿದ್ದರು. ಅನ್ಯಾಯ ಆಗಿದೆ ಎಂದು ನ್ಯಾಯಾಲಯ ಒಪ್ಪಿತು, ಪರಿಹಾರದ ದಾರಿ ಯೋಚಿಸಿ ಎಂದು ಪರೀಕ್ಷಾ ಸಂಸ್ಥೆಗೆ ಒಂದು ವಾರದ ಗಡುವು ಕೊಟ್ಟಿತು. ಆದರೆ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಹಕ್ಕು ಇದ್ದರೂ ಆ ದಿನ ಆ ಕೊಠಡಿಯಲ್ಲಿ ಇರುವವರಿಗೆ ನಿಯಮ ಗೊತ್ತಿಲ್ಲದಿದ್ದರೆ ಮಗುವಿನ ಒಂದು ವರ್ಷ ಹೋಗಬಹುದು. ಆದ್ದರಿಂದಲೇ ಪರೀಕ್ಷೆಗೆ ಮೊದಲೇ ಅನುಮತಿ ಪತ್ರ ಕೈಯಲ್ಲಿರಬೇಕು, ಕೇಂದ್ರದ ಮುಖ್ಯ ಅಧೀಕ್ಷಕರ ಜೊತೆ ಒಮ್ಮೆ ಮಾತಾಡಿರಬೇಕು.

ನಿಮಗೆ ಇನ್ನೂ ಸಮಯವಿದೆ, ಧಾರಾಳವಾಗಿ ಇಲ್ಲ. ಹತ್ತನೇ ತರಗತಿಯ ನೋಂದಣಿ ಶುರುವಾಗುವ ಹೊತ್ತಿಗೆ ಕಾಗದಪತ್ರ ಸಿದ್ಧವಾಗಿರಲಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಮೈಸೂರಿನ ವರದಿ ಜೊತೆಗಿಟ್ಟುಕೊಂಡು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ಜಿಲ್ಲೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇಲ್ಲದಿದ್ದರೆ ಎಲ್ಲಿಗೆ ಕಳುಹಿಸುತ್ತಾರೆಂದು ಅವರೇ ಹೇಳುತ್ತಾರೆ. ಕಲಿಕಾ ನ್ಯೂನತೆಯನ್ನು ಅಳೆಯಲು 2018ರ ಕೇಂದ್ರ ಮಾರ್ಗಸೂಚಿ ಸೂಚಿಸಿದ ಪರೀಕ್ಷಾ ಸರಣಿ ನಮ್ಮ ನಿಮ್ಹಾನ್ಸ್‌ನಲ್ಲೇ ರೂಪುಗೊಂಡದ್ದು. ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡಬಹುದು, 14ಕ್ಕೆ ಮತ್ತು 18ಕ್ಕೆ ಮತ್ತೆ ತಪಾಸಣೆ ಆಗಬೇಕು ಎಂದು ಆ ಮಾರ್ಗಸೂಚಿಯಲ್ಲಿತ್ತು; ಈಗಿನ ನಿಯಮವನ್ನು ಆಸ್ಪತ್ರೆಯಲ್ಲೇ ಕೇಳಿ ತಿಳಿದುಕೊಳ್ಳಿ. ಕಾಗದ ಕೈಗೆ ಬಂದ ಮೇಲೆ ಮಗಳ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಕೋರಿಕೆ ಹೋಗಬೇಕು. ದಾರಿ ತಪ್ಪಿದಲ್ಲಿ ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲಿ ಸಮನ್ವಯ ಶಿಕ್ಷಣ ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ.

ಯಾವ ಅನುಕೂಲ ಕೇಳಬೇಕು ಎಂಬುದರಲ್ಲಿ ಎಚ್ಚರ ಬೇಕು. ಸಿಗುವುದನ್ನೆಲ್ಲ ತೆಗೆದುಕೊಳ್ಳೋಣ ಎನ್ನುವುದು ಸರಿಯಲ್ಲ. ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯಲ್ಲಿ ಗಣಿತದ ದಿನವೇ ಸಮಾಜಶಾಸ್ತ್ರ ಎಂದೂ ಅಚ್ಚಾಗಿರುವುದನ್ನು ನೀವು ನೋಡಿರುತ್ತೀರಿ. ಈ ಬದಲಿ ವಿಷಯವನ್ನು ತೆಗೆದುಕೊಳ್ಳಿ, ಸುಲಭವಾಗಿ ಪಾಸಾಗುತ್ತಾಳೆ ಎಂದು ನಿಮಗೆ ಯಾರಾದರೂ ಖಂಡಿತ ಹೇಳುತ್ತಾರೆ. ಅಂಕಿಗಳೇ ಅರ್ಥವಾಗದ ಡಿಸ್‌ಕ್ಯಾಲ್ಕುಲಿಯಾ ಇರುವ ಮಗುವಿಗೆ ಅದು ವರ. ನಿಮ್ಮ ಮಗಳ ಬಲವೇ ಗಣಿತ. ಅದನ್ನು ಬಿಡಿಸಿದರೆ ಪಿಯುಸಿಯಲ್ಲಿ ವಿಜ್ಞಾನದ ಬಾಗಿಲನ್ನು ನಾವೇ ಮುಚ್ಚಿದಂತೆ. ದಯವಿಟ್ಟು ಮುಟ್ಟಬೇಡಿ. ತೃತೀಯ ಭಾಷೆಯ ವಿನಾಯಿತಿ ಬಗ್ಗೆ ಮಾತ್ರ ಗಂಭೀರವಾಗಿ ಯೋಚಿಸಿ. ಒಂದು ಲಿಪಿ ಇಳಿದರೆ ಆ ಹೊತ್ತು ಉಳಿದೆರಡಕ್ಕೆ ಸಿಗುತ್ತದೆ. ಆದರೆ ಅವಳಿಗೆ ಹಿಂದಿ ಇಷ್ಟವಿದ್ದರೆ ಬಲವಂತವಾಗಿ ಬಿಡಿಸಬೇಡಿ. ಲಿಪಿಕಾರರ, ಅಂದರೆ ಬರೆಯುವ ಸಹಾಯಕರ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. ಬೇರೆಯವರಿಗೆ ಹೇಳಿ ಬರೆಸುವುದು ತಾನೇ ಒಂದು ವಿದ್ಯೆ. ಅಭ್ಯಾಸವಿಲ್ಲದೆ ಪರೀಕ್ಷೆಯ ದಿನ ಮೊದಲ ಸಲ ಪಕ್ಕದಲ್ಲಿ ಅಪರಿಚಿತ ಹುಡುಗಿಯೊಬ್ಬಳು ಕೂತರೆ ಬರುವ ಉತ್ತರವೂ ಮರೆತುಹೋಗುತ್ತದೆ. ಗಣಿತದ ಹಂತಗಳನ್ನು ಹೇಳಿ ಬರೆಸುವುದಂತೂ ಇನ್ನೂ ಕಷ್ಟ. ನಿಮ್ಮ ಪತ್ರ ನೋಡಿದರೆ ಅವಳಿಗೆ ಹೆಚ್ಚಾಗಿ ಬೇಕಿರುವುದು ಸಮಯ, ಮತ್ತು ಸಾಧ್ಯವಾದರೆ ಪ್ರಶ್ನೆ ಓದಿ ಹೇಳುವ ಒಬ್ಬರು. ಬರೆಯುವ ಕೈ ಅವಳದೇ ಇರಲಿ.

ನಿಮ್ಮ ತಾಯಿಯವರ ಮಾತಿಗೆ ಬರೋಣ. ಅವರ ಭಯವನ್ನು ಹಳೇ ಕಾಲದ ಮಾತು ಎಂದು ತಳ್ಳಿಹಾಕಬೇಡಿ. ಹೆಣ್ಣುಮಕ್ಕಳ ಸಣ್ಣ ಸಂಗತಿಯನ್ನೂ ದೊಡ್ಡದು ಮಾಡುವ ಜನರ ನಡುವೆ ಅವರು ಬಾಳಿ ಬಂದಿದ್ದಾರೆ. ಅವರ ಹತ್ತಿರ ಕೂತು ಒಂದು ವಿಷಯ ಬಿಡಿಸಿ ಹೇಳಿ: ಈ ಕಾಗದ ನಮ್ಮ ಮನೆಯ ಬೀರುವಿನಲ್ಲಿರುತ್ತದೆ, ಎಲ್ಲಿ ಬೇಕೋ ಅಲ್ಲಿ ತೋರಿಸುತ್ತೇವೆ, ಬೇಡದ ಕಡೆ ತೋರಿಸಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಅವಳು ಹತ್ತನೇ ತರಗತಿಯಲ್ಲಿ ನಪಾಸಾದರೆ ಅದನ್ನು ಮಾತ್ರ ಬೀರುವಿನಲ್ಲಿ ಇಡಲಾಗದು, ಊರಿಗೇ ಗೊತ್ತಾಗುತ್ತದೆ. ಇಷ್ಟು ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆಂದು ನನ್ನ ನಂಬಿಕೆ. ಒಂದು ವೇಳೆ ಒಪ್ಪದಿದ್ದರೂ ತೀರ್ಮಾನ ತೆಗೆದುಕೊಳ್ಳಬೇಕಾದವರು ನೀವು, ನಿಮ್ಮ ಹೆಂಡತಿ, ನಿಮ್ಮ ಮಗಳು.

ನಿಮ್ಮ ತಮ್ಮನ ಬಗ್ಗೆ ಓದಿದಾಗ ನನ್ನ ಕಣ್ಣು ಅಲ್ಲೇ ನಿಂತಿತು. ಡಿಸ್‌ಲೆಕ್ಸಿಯಾ ಬಹಳ ಮಟ್ಟಿಗೆ ವಂಶದಲ್ಲಿ ಹರಿದು ಬರುವಂಥದ್ದು. ಪತ್ರ ನೋಡಿ ಅವರಿಗೂ ಇದೇ ಇತ್ತು ಎಂದು ಹೇಳಲು ನನಗೆ ಅಧಿಕಾರವಿಲ್ಲ. ಆದರೆ ಅವರನ್ನೊಮ್ಮೆ ಕೇಳಿ: ಪುಸ್ತಕ ಹಿಡಿದಾಗ ಏನಾಗುತ್ತಿತ್ತು, ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಈಗ ಕೊಟೇಶನ್ ಯಾರು ಬರೆದುಕೊಡುತ್ತಾರೆ ಎಂದು. ‘ಬದುಕಿಲ್ವಾ?’ ಎನ್ನುತ್ತಾರೆ ನಿಮ್ಮ ತಾಯಿ. ಬದುಕಿದ್ದಾರೆ, ಸುಟ್ಟ ಮೋಟಾರು ಬಿಚ್ಚಿ ಸುತ್ತು ಎಣಿಸಿ ಮತ್ತೆ ಓಡಿಸುವ ಜಾಣ್ಮೆ ಅವರಲ್ಲಿದೆ. ಅಷ್ಟು ಜಾಣ್ಮೆ ಇದ್ದವರು ಹತ್ತನೇ ತರಗತಿಯಲ್ಲಿ ಎರಡು ಸಲ ಯಾಕೆ ನಪಾಸಾದರು ಎಂದು ಆಗ ಯಾರೂ ಕೇಳಲಿಲ್ಲ. ನಿಮ್ಮ ಮಗಳು ಚಿಕ್ಕಪ್ಪನ ಜೊತೆ ಈ ವಿಷಯ ಮಾತಾಡಲಿ. ನಾನು ಹೇಳಲಾಗದ ಎಷ್ಟೋ ಸಂಗತಿಗಳನ್ನು ಅವರು ಹೇಳಬಲ್ಲರು.

ಇನ್ನು ಮಗಳು. ‘ನಿನ್ನ ಒಳ್ಳೆಯದಕ್ಕೇ ಹೇಳ್ತಿರೋದು, ಸುಮ್ನೆ ಒಪ್ಕೋ’ ಎನ್ನಬೇಡಿ. ಮೊದಲು ವರದಿಯನ್ನು ಅವಳ ಜೊತೆ ಕೂತು ಓದಿ. ಅದು ಅವಳ ಬಗ್ಗೆ ಇರುವ ಕಾಗದ, ಅದರಲ್ಲಿ ‘ಸರಾಸರಿಗಿಂತ ಮೇಲೆ’ ಎಂದು ಬರೆದಿರುವ ಸಾಲನ್ನು ಅವಳು ತನ್ನ ಕಣ್ಣಾರೆ ನೋಡಬೇಕು. ಇಷ್ಟು ವರ್ಷ ತಾನು ದಡ್ಡಿ ಎಂದೇ ನಂಬಿಕೊಂಡಿರುತ್ತಾಳೆ, ಬಾಯಿಬಿಟ್ಟು ಹೇಳಿರುವುದಿಲ್ಲ ಅಷ್ಟೆ. ಬೈದದ್ದಕ್ಕೆ, ಹೊಡೆದದ್ದಕ್ಕೆ ಕ್ಷಮೆ ಕೇಳಿ. ಆ ಹುಡುಗನ ಬಗ್ಗೆ ಆಡಿದ ಮಾತು ತಪ್ಪೆಂದೂ ಹೇಳಿ. ಸುತ್ತಿ ಬಳಸಿ ಬೇಡ, ನೇರವಾಗಿ ಎರಡೇ ಮಾತು ಸಾಕು.

ಆಮೇಲೊಂದು ಭಾನುವಾರ ಹಳೆಯ ಸಮಾಜ ವಿಜ್ಞಾನದ ಪತ್ರಿಕೆಯೊಂದನ್ನು ಅವಳ ಮುಂದಿಡಿ. ಗಣಿತ ಬೇಡ, ಓದು ಜಾಸ್ತಿ ಇರುವ ವಿಷಯ ಇರಲಿ. ಮೂರು ಗಂಟೆಯವರೆಗೆ ನೀಲಿ ಪೆನ್ನಿನಲ್ಲಿ ಬರೆಯಲಿ. ಗಂಟೆಯಾದ ತಕ್ಷಣ ಪೆನ್ನು ಬದಲಿಸಿ ಹಸಿರು ಕೊಡಿ, ಇನ್ನೊಂದು ಗಂಟೆ ಬರೆಯಲಿ. ಉತ್ತರಪತ್ರಿಕೆಯನ್ನು ನೀವು ತಿದ್ದಬೇಡಿ, ನಿಮ್ಮ ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರಿಗೆ ಕೊಡಿ. ನೀಲಿಗೆ ಎಷ್ಟು, ಹಸಿರಿಗೆ ಎಷ್ಟು ಎಂದು ಬೇರೆ ಬೇರೆ ಕೂಡಿಸಿ ಕೊಡಲಿ. ಹಸಿರಿನ ಅಂಕಗಳೆಲ್ಲ ಅವಳಿಗೆ ಗೊತ್ತಿದ್ದ ಉತ್ತರಗಳದ್ದೇ, ಯಾರೂ ಹೇಳಿಕೊಟ್ಟದ್ದಲ್ಲ. ಇಷ್ಟು ವರ್ಷ ಪರೀಕ್ಷಾ ಕೊಠಡಿಯಲ್ಲೇ ಬಿಟ್ಟು ಬರುತ್ತಿದ್ದ ಅಂಕಗಳು ಅವು. ಲೆಕ್ಕ ಬಲ್ಲ ಹುಡುಗಿಗೆ ಆ ಎರಡು ಅಂಕಿ ಸಾಕು. ಹಸಿರಿನಲ್ಲಿ ಏನೂ ಬರದಿದ್ದರೆ ಅದೂ ತಿಳಿಯಬೇಕಾದ ಸಂಗತಿಯೇ, ಆಗ ಅವಳಿಗೆ ಬೇಕಿರುವುದು ಬೇರೆ ಬಗೆಯ ನೆರವು.

ಬೇರೆ ಕೊಠಡಿಯಲ್ಲಿ ಕೂರುವ ಮುಜುಗರದ ಬಗ್ಗೆ ಅವಳು ಹೇಳಿದರೆ ಹಗುರ ಮಾಡಬೇಡಿ. ಶಾಲೆಯ ಕಿರುಪರೀಕ್ಷೆಗಳಿಂದಲೇ ಈ ವ್ಯವಸ್ಥೆ ಶುರುವಾದರೆ ಅವಳಿಗೂ ರೂಢಿಯಾಗುತ್ತದೆ, ಗೆಳತಿಯರಿಗೂ ರೂಢಿಯಾಗುತ್ತದೆ. ಕೇಳಿದವರಿಗೆ ಹೇಳಲು ಅವಳದೇ ಒಂದು ವಾಕ್ಯ ಸಿದ್ಧವಿರಲಿ. ನನ್ನಲ್ಲಿಗೆ ಬಂದಿದ್ದ ಒಬ್ಬ ಹುಡುಗ ‘ನಾನು ಓದೋದು ನಿಧಾನ, ಯೋಚನೆ ಮಾಡೋದಲ್ಲ’ ಎಂದು ಹೇಳುತ್ತಿದ್ದ. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಹೆಚ್ಚುವರಿ ಸಮಯ ಪರೀಕ್ಷೆಗಷ್ಟೇ, ಓದು ಸುಧಾರಿಸುವ ಕೆಲಸ ಬೇರೆ ನಡೆಯಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಪದಗಳನ್ನು ಧ್ವನಿಗಳಾಗಿ ಬಿಡಿಸಿ ಮತ್ತೆ ಜೋಡಿಸುವುದು, ಒತ್ತಕ್ಷರಗಳನ್ನು ಗುಂಪು ಮಾಡಿ ಕಲಿಯುವುದು, ಇಂಥ ಕ್ರಮಬದ್ಧ ಅಭ್ಯಾಸವನ್ನು ತರಬೇತಿ ಪಡೆದ ವಿಶೇಷ ಶಿಕ್ಷಕರಿಂದ ಮಾಡಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು. ನೀವೇ ಕಲಿಸಲು ಕೂರಬೇಡಿ, ಇಬ್ಬರ ನಡುವೆ ಈಗಾಗಲೇ ಓದಿನ ವಿಷಯಕ್ಕೆ ಸಾಕಷ್ಟು ನೋವಾಗಿದೆ. ನೀವು ಮಾಡಬಹುದಾದ್ದು ಇನ್ನೊಂದಿದೆ: ಪಾಠಗಳನ್ನು ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೊಡಿ. ಪುಸ್ತಕ ಮುಂದಿಟ್ಟುಕೊಂಡು, ಬೆರಳಿಡುತ್ತಾ, ನಿಮ್ಮ ದನಿ ಕೇಳುತ್ತಾ ಅವಳು ಓದಲಿ. ಮಾತ್ರೆ, ಟಾನಿಕ್, ಕಣ್ಣಿಗೆ ಪಟ್ಟಿ ಕಟ್ಟಿ ಓದಿಸುವ ಮಿಡ್‌ಬ್ರೇನ್ ಆಕ್ಟಿವೇಶನ್ ಎಂದು ಯಾರಾದರೂ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಡಿಸ್‌ಲೆಕ್ಸಿಯಾಕ್ಕೆ ಔಷಧಿಯಿಲ್ಲ.

ಕೊನೆಯದಾಗಿ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಮಗಳ ಶಾಲೆಯವರು ಒತ್ತಾಯ ಮಾಡಿದ್ದರಿಂದ ಅವಳ ತೊಂದರೆ ಬೆಳಕಿಗೆ ಬಂತು. ನೀವು ಪಾಠ ಮಾಡುವ ಸರ್ಕಾರಿ ಶಾಲೆಯಲ್ಲಿ ಹಾಗೆ ಒತ್ತಾಯ ಮಾಡುವವರು ಯಾರು? ನಲವತ್ತು ಮಕ್ಕಳ ತರಗತಿಯಲ್ಲಿ ಇಂಥವರು ಒಂದಿಬ್ಬರಾದರೂ ಇರುತ್ತಾರೆ. ಅವರ ಅಪ್ಪ ಅಮ್ಮಂದಿರಿಗೆ ಮೈಸೂರಿಗೆ ಹೋಗಬೇಕೆಂಬುದೂ ಗೊತ್ತಿರುವುದಿಲ್ಲ, ಕೂಲಿ ಬಿಟ್ಟು ಹೋಗಲೂ ಆಗುವುದಿಲ್ಲ. ಕೇಳಿದರೆ ಥಟ್ಟನೆ ಉತ್ತರಿಸಿ, ಬರೆಯಲು ಕೂತಾಗ ಪುಟ ಖಾಲಿ ಬಿಡುವ ಮಕ್ಕಳು ಯಾರೆಂದು ನಿಮಗೆ ಈಗಲೇ ಹೆಸರು ಸಮೇತ ನೆನಪಾಗುತ್ತಿರಬಹುದು. ಎಂಟನೇ ತರಗತಿಯಿಂದ ಶುರುಮಾಡಿ, ಆ ಹೆಸರುಗಳನ್ನು ಬರೆದು ನಿಮ್ಮ ಮುಖ್ಯೋಪಾಧ್ಯಾಯರಿಗೂ ಬಿಐಇಆರ್‌ಟಿ ಶಿಕ್ಷಕರಿಗೂ ಈ ವಾರವೇ ಕೊಡಿ. ಎಂಟರಲ್ಲಿ ತಪಾಸಣೆ ಆದರೆ ಹತ್ತರ ಹೊತ್ತಿಗೆ ಅವರ ಕೈಯಲ್ಲೂ ಕಾಗದ ಇರುತ್ತದೆ.